ದೋಣಿ ಗಾಡಿಯ ಟೈರು

"ದೋಣಿಯ ಮೇಲೆ ಬಂಡಿ, ಬಂಡಿಯ ಮೇಲೆ ದೋಣಿ" ಎಂದು ನಮ್ಮಜ್ಜಿ ಆಗಾಗ ಹೇಳುತ್ತಿದ್ದರು. ಇವತ್ತು ಒಬ್ಬರ ಕಾಲವಾದರೆ ನಾಳೆ ಇನ್ನೊಬ್ಬರ ಕಾಲ ಎಂಬುದು ಅದರ ಅರ್ಥ. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ದೋಣಿಯನ್ನು ಹತ್ತಿರದಿಂದ ಕಂಡೇ ಗೊತ್ತಿರಲಿಲ್ಲ. ಅಂಥದ್ದರಲ್ಲಿ ದೋಣಿ ಬಂಡಿಯನ್ನೇರಿ ನಿಂತದ್ದನ್ನು ಕಣ್ಣಾರೆ ಕಾಣಲು ಐವತ್ತೈದು ವರ್ಷ ಕಾಯಬೇಕಾಯಿತು, ಜೊತೆಗೆ ಅಮೆರಿಕಕ್ಕೂ ಹೋಗಬೇಕಾಯಿತು.

2023ರ ಬೇಸಿಗೆ ರಜೆಯಲ್ಲಿ ಮಗಳ ಮನೆಗೆಂದು ಮಿನಿಯಾಪೊಲಿಸ್‌ಗೆ ಹೋಗಿದ್ದೆ. ಮಿನಿಸೋಟ ರಾಜ್ಯದ ದೊಡ್ಡ ಊರು ಅದು. ಹತ್ತು ಸಾವಿರ ಸರೋವರಗಳ ನಾಡು ಎಂದು ಅಲ್ಲಿಯ ಕಾರುಗಳ ನಂಬರ್ ಪ್ಲೇಟಿನ ಮೇಲೇ ಬರೆದಿರುತ್ತದೆ. ನಮ್ಮಲ್ಲಿ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿದಷ್ಟೇ ಸಹಜವಾಗಿ ಅಲ್ಲಿಯ ಎಷ್ಟೋ ಮನೆಗಳ ಪಕ್ಕದಲ್ಲಿ ದೋಣಿ ನಿಂತಿರುತ್ತದೆ, ಎರಡು ಚಕ್ರದ ಗಾಡಿಯ ಮೇಲೆ. ಆ ಗಾಡಿಗೆ ಟ್ರೈಲರ್ ಎನ್ನುತ್ತಾರೆ. ಕಾರಿನ ಹಿಂದೆ ಸಿಕ್ಕಿಸಿಕೊಂಡು ಸರೋವರಕ್ಕೆ ಹೋಗುವುದು, ಗಾಡಿಯನ್ನು ಹಿಮ್ಮುಖವಾಗಿ ನೀರಿಗಿಳಿಸಿ ದೋಣಿಯನ್ನು ತೇಲಿಬಿಡುವುದು, ಸಂಜೆ ಮತ್ತೆ ಗಾಡಿಗೇರಿಸಿ ಮನೆಗೆ ತರುವುದು. ಊರಿಗೆ ಬಂದವರು ನೀರಿಗೆ ಬಾರದೆ ಇರುತ್ತಾರೆಯೇ? ನಮ್ಮ ಅಳಿಯಂದಿರೂ ಪಕ್ಕದ ಬೀದಿಯವರೊಬ್ಬರಿಂದ ಹದಿನೇಳು ಅಡಿಯ ಅಲ್ಯೂಮಿನಿಯಂ ದೋಣಿಯೊಂದನ್ನು ಟ್ರೈಲರ್ ಸಮೇತ ಕೊಂಡಿದ್ದರು.

ನಾನು ಹೋದ ಹೊತ್ತಿಗೆ ಅವರಿಗೆ ಟೆಕ್ಸಸ್ ರಾಜ್ಯದ ಆಸ್ಟಿನ್ನಿಗೆ ಕೆಲಸ ಬದಲಾಗಿತ್ತು. ಮೇ ಮೂರನೆಯ ವಾರ ಮನೆ ಖಾಲಿ ಮಾಡಬೇಕು. ಸಾಮಾನೆಲ್ಲ ಲಾರಿಯಲ್ಲಿ ಹೋಗುತ್ತದೆ, ಒಂದು ಕಾರನ್ನೂ ಯಾರೋ ಸಾಗಿಸುತ್ತಾರೆ. ಉಳಿದದ್ದು ದೋಣಿ. "ಮಾರಿಬಿಡಿ" ಎಂದಳು ಮಗಳು. "ಆಸ್ಟಿನ್ನಿನಲ್ಲೂ ಸರೋವರಗಳಿವೆ. ನಾವೇ ಎಳೆದುಕೊಂಡು ಹೋಗೋಣ, ಅತ್ತೆಯವರಿಗೂ ಅಮೆರಿಕ ತೋರಿಸಿದ ಹಾಗಾಗುತ್ತೆ" ಎಂದರು ಅಳಿಯಂದಿರು. ಸುಮಾರು 1,170 ಮೈಲಿ, ನಮ್ಮ ಲೆಕ್ಕದಲ್ಲಿ 1,900 ಕಿಲೋಮೀಟರಿಗೆ ಹತ್ತಿರ. 35ನೇ ನಂಬರಿನ ಹೆದ್ದಾರಿ ಒಂದನ್ನೇ ಹಿಡಿದು ಉತ್ತರದಿಂದ ದಕ್ಷಿಣಕ್ಕೆ ನೇರ ಇಳಿದರಾಯಿತು. ಮುಂದೆ ಮಗಳು ಅಳಿಯ, ಹಿಂದಿನ ಸೀಟಿನಲ್ಲಿ ನಾನು ಮತ್ತು ನಾಲ್ಕು ವರ್ಷದ ಮೊಮ್ಮಗ, ನಮ್ಮ ಬೆನ್ನಿಗೆ ದೋಣಿ.

ಹೊರಡಲು ಹತ್ತು ದಿನವಿರುವಾಗ ಅಳಿಯಂದಿರು ದೋಣಿಯ ಹೊದಿಕೆ ತೆಗೆದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಗಂಡಸರು ಯಾವ ದೇಶದಲ್ಲಿದ್ದರೂ ಟೈರನ್ನು ಪರೀಕ್ಷಿಸುವ ರೀತಿ ಒಂದೇ, ಬೂಟಿನ ಕಾಲಿನಿಂದ ಒಂದು ಒದೆ. ಅವರೂ ಒದ್ದರು. "ಬಟನ್ ನೋಡಿ ಅತ್ತೆ, ಸವೆದೇ ಇಲ್ಲ. ಮನೆಯಿಂದ ಸರೋವರಕ್ಕೆ ಆರು ಮೈಲಿ. ಅಷ್ಟು ಬಿಟ್ಟರೆ ಈ ಟೈರು ಎಲ್ಲಿಗೂ ಓಡಿಲ್ಲ. ಹೊಸದೇ" ಎಂದರು. ನಿಜವೇ, ಬಟನ್ ನಿನ್ನೆ ಅಂಗಡಿಯಿಂದ ತಂದಂತಿತ್ತು. ಆದರೆ ನಾನು ಕೆಳಗೆ ಕೂತು ಮೊಮ್ಮಗನ ಚೆಂಡನ್ನು ಗಾಡಿಯಡಿಯಿಂದ ಎಳೆಯುವಾಗ ಟೈರಿನ ಪಕ್ಕೆ ಕಣ್ಣಿಗೆ ಬಿತ್ತು. ಡಿಸ್ಕಿನ ಅಂಚಿನಲ್ಲಿ ಸುತ್ತಲೂ ಕೂದಲೆಳೆಯಂಥ ಬಿರುಕುಗಳು, ಬೇಸಿಗೆಯಲ್ಲಿ ನಮ್ಮೂರ ಕೆರೆಯ ಅಂಗಳ ಒಡೆದ ಹಾಗೆ.

ನೋಡಿದೆ, ಚೆಂಡು ತೆಗೆದುಕೊಟ್ಟೆ, ಏನೂ ಹೇಳದೆ ಒಳಗೆ ಬಂದೆ. ಅಳಿಯನಿಗೆ ಅತ್ತೆ ಟೈರಿನ ವಿಷಯ ಹೇಳುವುದೇ? ರಾತ್ರಿ ಊರಿಗೆ ಫೋನು ಮಾಡಿ ನಮ್ಮವರಿಗೆ ತಿಳಿಸಿದೆ. "ನಿನಗ್ಯಾಕೆ ಬೇಕು ಆ ಉಸಾಬರಿ? ಅವರು ಎಂಜಿನಿಯರು. ನೀನು ಹೋಗಿರೋದು ಮೊಮ್ಮಗನನ್ನು ಆಡಿಸೋದಕ್ಕೆ. ಅಳಿಯಂದಿರ ವಿಷಯಕ್ಕೆ ತಲೆ ಹಾಕಬೇಡ ಕಣೇ" ಎಂದು ಅವರು ಫೋನಿಟ್ಟರು. ಸರಿ ಎಂದು ಮಲಗಿದೆ. ನಿದ್ದೆ ಬರಲಿಲ್ಲ.

ಏಕೆ ಬರಲಿಲ್ಲ ಎಂಬುದನ್ನು ಹೇಳಬೇಕಾದರೆ 1994ರ ಡಿಸೆಂಬರಿಗೆ ಹೋಗಬೇಕು. ಆಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಶಾಲೆಯಿಂದ ಧರ್ಮಸ್ಥಳಕ್ಕೆ ಪ್ರವಾಸ. ಬೆಳಗಿನ ಜಾವ ಐದು ಗಂಟೆ, ಚಳಿ. ಬಾಡಿಗೆ ಬಸ್ಸಿನ ಮುಂಬಾಗಿಲಲ್ಲಿ ನಿಂತು ಹುಡುಗಿಯರನ್ನು ಎಣಿಸಿ ಹತ್ತಿಸುವುದು ನನ್ನ ಪಾಲಿನ ಕೆಲಸ. ಕೈಯಲ್ಲಿದ್ದ ಟಾರ್ಚಿನ ಬೆಳಕು ಮುಂದಿನ ಟೈರಿನ ಮೇಲೆ ಬಿತ್ತು. ಅದರ ಪಕ್ಕೆಯಲ್ಲಿ ಬೆರಳುದ್ದದ ಸೀಳು. ಒಂದು ಗಳಿಗೆ ಅನುಮಾನಿಸಿದೆ. ಮುಖ್ಯೋಪಾಧ್ಯಾಯರು ಅಲ್ಲೇ ಇದ್ದರು, ಇಬ್ಬರು ಮೇಷ್ಟರುಗಳಿದ್ದರು, ಚಾಲಕ ಬೀಡಿ ಸೇದುತ್ತ ನಿಂತಿದ್ದ. ಟೈರಿನ ವಿಷಯ ಹೆಂಗಸಿಗೇನು ಗೊತ್ತು ಎಂದು ನಗುತ್ತಾರೆ ಎನ್ನಿಸಿತು. ಇಷ್ಟು ಜನ ಗಂಡಸರ ಕಣ್ಣಿಗೆ ಬೀಳದ್ದು ನನ್ನ ಕಣ್ಣಿಗೆ ಬಿದ್ದಿತೇ ಎಂದೂ ಅನ್ನಿಸಿತು. "ನಲವತ್ತೆರಡು, ನಲವತ್ತಮೂರು" ಎಂದು ಎಣಿಕೆ ಮುಂದುವರಿಸಿದೆ.

ಮೂಡಿಗೆರೆ ದಾಟಿ ಕೊಟ್ಟಿಗೆಹಾರ ಇನ್ನೂ ಬಂದಿರಲಿಲ್ಲ. ಬಾಂಬು ಸಿಡಿದ ಹಾಗೆ ಶಬ್ದವಾಯಿತು. ಬಸ್ಸು ಎಡಕ್ಕೆ ಎಳೆದುಕೊಂಡು ಹೋಗಿ ಕಾಫಿ ತೋಟದ ಬೇಲಿಗೆ ನುಗ್ಗಿ ವಾಲಿ ನಿಂತಿತು. ಇನ್ನು ಸ್ವಲ್ಪ ದೂರ ಹೋಗಿದ್ದರೆ ಚಾರ್ಮಾಡಿ ಘಾಟಿ. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಆದರೆ ಕಿಟಕಿಯ ಪಕ್ಕ ಕೂತಿದ್ದ ಏಳನೇ ತರಗತಿಯ ಹುಡುಗಿಯೊಬ್ಬಳ ಮೊಣಕೈ ಮುರಿಯಿತು. ಮೂಡಿಗೆರೆಯ ಆಸ್ಪತ್ರೆಗೆ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕರೆದುಕೊಂಡು ಹೋದವಳು ನಾನೇ. ಆ ಕೈ ಇಂದಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಅವಳ ತಂದೆತಾಯಿ ಬಂದು "ಮಿಸ್, ನಿಮ್ಮಿಂದ ನಮ್ಮ ಮಗು ಉಳೀತು" ಎಂದು ಕೈಮುಗಿದರು. ಆ ಕೈಮುಗಿದದ್ದು ನನಗೆ ಎಷ್ಟು ಭಾರವಾಯಿತು ಎಂಬುದನ್ನು ಅಂದಿನಿಂದ ಯಾರಿಗೂ ಹೇಳಿರಲಿಲ್ಲ, ನಮ್ಮವರಿಗೂ.

ಬೆಳಕು ಹರಿಯುವ ಮೊದಲೇ ಎದ್ದು, ಮಗಳ ಕೋಟು ಹಾಕಿಕೊಂಡು, ಕನ್ನಡಕವನ್ನೂ ಫೋನಿನ ಬೆಳಕನ್ನೂ ತೆಗೆದುಕೊಂಡು ಟ್ರೈಲರಿನ ಬಳಿಗೆ ಹೋದೆ. ಟೈರಿನ ಪಕ್ಕೆಯ ಮೇಲೆ ಎಷ್ಟೊಂದು ಬರೆದಿರುತ್ತಾರೆ! ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕಣ್ಣು, ಒಂದಕ್ಷರ ಬಿಡದೆ ಓದಿತು. ಸಾಲಿನ ಕೊನೆಯಲ್ಲಿ ಒಂದು ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕೆ, 3514. ತಿಂಡಿಯ ಹೊತ್ತಿಗೆ, "ಏನೂ ತಿಳ್ಕೋಬೇಡಿ, ಟೈರಿನ ಮೇಲೆ 3514 ಅಂತಿದೆಯಲ್ಲ, ಹಾಗಂದ್ರೆ ಏನು?" ಎಂದು ಅಳಿಯಂದಿರನ್ನು ಕೇಳಿದೆ. ಅವರು ಫೋನಿನಲ್ಲಿ ಹುಡುಕಿದರು. ಮೊದಲೆರಡು ಅಂಕೆ ವಾರ, ಕೊನೆಯ ಎರಡು ವರ್ಷ. 2014ನೇ ಇಸವಿಯ ಮೂವತ್ತೈದನೇ ವಾರದಲ್ಲಿ ತಯಾರಾದದ್ದು. ಅಂದರೆ ಒಂಬತ್ತು ವರ್ಷಕ್ಕೆ ಹತ್ತಿರ.

"ಆದರೂ ಓಡಿಲ್ಲವಲ್ಲ ಅತ್ತೆ" ಎಂದರು. ಆಗ ನಾನು ಬಿರುಕಿನ ವಿಷಯ ಹೇಳಿದೆ. ಬಸ್ಸಿನ ವಿಷಯವನ್ನೂ ಹೇಳಿದೆ, ಟಾರ್ಚು ಬಿದ್ದದ್ದು, ನಾನು ಎಣಿಕೆ ಮುಂದುವರಿಸಿದ್ದು, ಎಲ್ಲವನ್ನೂ. ಮಗಳು ದೋಸೆ ಮಗುಚುವುದನ್ನು ಮರೆತು ನಿಂತಿದ್ದಳು. ಅಳಿಯಂದಿರು ಏನೂ ಮಾತಾಡದೆ ಎದ್ದು ಹೊರಗೆ ಹೋಗಿ, ಟೈರಿನ ಮುಂದೆ ಮಂಡಿಯೂರಿ ಕೂತರು. ಒಳಗೆ ಬಂದು, "ಇವತ್ತೇ ಟೈರಿನ ಅಂಗಡಿಗೆ ಹೋಗೋಣ. ನೀವೂ ಬನ್ನಿ" ಎಂದರು.

ಅಂಗಡಿಯಲ್ಲಿದ್ದದ್ದು ನನಗಿಂತ ಹಿರಿಯರಾದ ಒಬ್ಬ ಅಮೆರಿಕನ್. ಅವರ ಉಚ್ಚಾರಣೆ ನನಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧ ಮಗಳು ಹೇಳುತ್ತಿದ್ದಳು. ಅವರು ಹಳೆಯ ಟೈರಿನ ಪಕ್ಕೆಯನ್ನು ಹೆಬ್ಬೆರಳಿನಿಂದ ಬಲವಾಗಿ ಅದುಮಿದರು. ಬಿರುಕು ಬಾಯಿ ತೆರೆಯಿತು, ಒಳಗಿನ ನೂಲು ಕಂಡಿತು. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು. ಅವರು ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ಗಾಳಿ ಬಿಸಿಲಿಗೆ ರಬ್ಬರು ಒಣಗದಿರಲೆಂದು ಟೈರು ಮಾಡುವಾಗಲೇ ಅದರೊಳಗೆ ಒಂದು ಬಗೆಯ ಮೇಣ ಸೇರಿಸಿರುತ್ತಾರಂತೆ. ಟೈರು ಓಡಿ, ಬಾಗಿ, ಬಳುಕಿದಾಗ ಆ ಮೇಣ ಮೇಲಕ್ಕೆ ಬಂದು ಕಾಪಾಡುತ್ತದೆ. ನಿಂತೇ ಇದ್ದರೆ ಅದು ಬರುವುದು ಕಡಿಮೆ. ದಿನವೂ ಓಡುವ ಕಾರಿನ ಟೈರು ಬಟನ್ ಸವೆದು ಸಾಯುತ್ತದೆ, ದೋಣಿ ಗಾಡಿಯ ಟೈರು ನಿಂತು ನಿಂತು ವಯಸ್ಸಾಗಿ ಸಾಯುತ್ತದೆ. ಆದ್ದರಿಂದ ಟ್ರೈಲರಿಗೆ ಬಟನ್ ನೋಡಬೇಡಿ, ಇಸವಿ ನೋಡಿ, ಐದಾರು ವರ್ಷವಾಯಿತೆಂದರೆ ದೂರ ಪ್ರಯಾಣಕ್ಕೆ ನಂಬಬೇಡಿ ಎಂದರು. ಸರೋವರಕ್ಕೆ ಆರು ಮೈಲಿ ಹೋಗುವಾಗ ಟೈರು ಬಿಸಿಯಾಗುವಷ್ಟರಲ್ಲಿ ಊರೇ ಬಂದಿರುತ್ತದೆ. ಹೆದ್ದಾರಿಯಲ್ಲಿ ಎಂಟು ಗಂಟೆ ಓಡಿದಾಗ ಮಾತ್ರ ಹಳೆಯ ರಬ್ಬರಿನ ಬಣ್ಣ ಬಯಲಾಗುತ್ತದೆ.

ಹೊಸ ಟೈರು ಆರಿಸುವಾಗ ನನಗೆ ಪಾಠ ಕೇಳಿದಂತಾಯಿತು. ಟ್ರೈಲರಿನ ಟೈರಿಗೆ ಎಸ್‌ಟಿ ಎಂಬ ಗುರುತು ಇರಬೇಕು, ಟ್ರೈಲರಿಗೆಂದೇ ಮಾಡಿದ್ದು ಎಂದು. ಕಾರಿನ ಟೈರಿನ ಪಕ್ಕೆ ಮೆತ್ತಗೆ, ಕೂತವರಿಗೆ ಸುಖವಾಗಲೆಂದು. ಟ್ರೈಲರಿನಲ್ಲಿ ಯಾರೂ ಕೂರುವುದಿಲ್ಲ, ಅಲ್ಲಿ ಬೇಕಾದದ್ದು ಭಾರ ಹೊರುವ, ಅತ್ತಿತ್ತ ತೂಗಾಡದ ಗಟ್ಟಿ ಪಕ್ಕೆ. ನಮ್ಮ ಗಾಡಿಯದು ಎಸ್‌ಟಿ 205/75 ಆರ್ 14. ಅಗಲ 205 ಮಿಲಿಮೀಟರು, ಎತ್ತರ ಆ ಅಗಲದ ನೂರಕ್ಕೆ 75 ಪಾಲು, ಆರ್ ಎಂದರೆ ರೇಡಿಯಲ್, ಡಿಸ್ಕು 14 ಅಂಗುಲ. ರೇಡಿಯಲ್ ಟೈರು ದೂರದ ಓಟದಲ್ಲಿ ಕಡಿಮೆ ಬಿಸಿಯಾಗುತ್ತದೆ. ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ಹಳೆಯ ಮಾದರಿಯದು ಹಾಕುವುದು ಮಾತ್ರ ಕೂಡದು.

ಆಮೇಲೆ ಭಾರದ ದರ್ಜೆ, ಅಕ್ಷರಗಳಲ್ಲಿ. ಸಿ ದರ್ಜೆಯ ಟೈರು 50 ಪೌಂಡ್ ಗಾಳಿಯಲ್ಲಿ 1,760 ಪೌಂಡ್ ಹೊರುತ್ತದೆ, ಅಂದರೆ ಸುಮಾರು 800 ಕಿಲೋ. ಅದೇ ಅಳತೆಯ ಡಿ ದರ್ಜೆಯದು 65 ಪೌಂಡ್ ಗಾಳಿಯಲ್ಲಿ 2,040 ಪೌಂಡ್, ಸುಮಾರು 925 ಕಿಲೋ. ಹಳೆಯದು ಸಿ. ಅಳಿಯಂದಿರು ಡಿ ಆರಿಸಿದರು. ಬರಿದೇ ಟೈರು ಬದಲಾಯಿಸಿದರೆ ಸಾಲದು, ಡಿಸ್ಕು ಕೂಡ 65 ಪೌಂಡ್ ಗಾಳಿ ತಡೆಯುವಂಥದ್ದಾಗಿರಬೇಕು ಎಂದು ಅಂಗಡಿಯವರು ಎಚ್ಚರಿಸಿದರು. ಕಡೆಗೆ ಡಿಸ್ಕು ಸಮೇತವೇ ಕೊಂಡೆವು, ನೀರಿಗಿಳಿಯುವ ಗಾಡಿಯಾದ್ದರಿಂದ ತುಕ್ಕು ಹಿಡಿಯದಂತೆ ಸತುವಿನ ಲೇಪ ಕೊಟ್ಟದ್ದು.

ವೇಗಕ್ಕೂ ಮಿತಿ ಇದೆ. ಟ್ರೈಲರಿನ ಹಳೆಯ ಟೈರುಗಳಲ್ಲಿ ಹೆಚ್ಚಿನವು ಗಂಟೆಗೆ 65 ಮೈಲಿಗೆಂದು ಮಾಡಿದವು, ನಮ್ಮ ಲೆಕ್ಕದಲ್ಲಿ 105 ಕಿಲೋಮೀಟರು. ಈಗಿನವುಗಳ ಮೇಲೆ ವೇಗದ ಅಕ್ಷರವೂ ಇರುತ್ತದೆ. ಎಲ್ ಎಂದರೆ 75 ಮೈಲಿ, ಎಂ ಎಂದರೆ 81. ನಾವು ತೆಗೆದುಕೊಂಡದ್ದು ಎಂ. "ಹಾಗಂತ 81ರಲ್ಲಿ ಓಡಿಸೋದಲ್ಲ" ಎಂದು ಮಗಳು ಕನ್ನಡದಲ್ಲಿ ಸೇರಿಸಿದಳು.

ಎರಡು ಟೈರಿಗೆ ಹಣ ಕೊಡುವಾಗ ನನಗೆ ಇನ್ನೊಂದು ನೆನಪಾಯಿತು. "ಸ್ಟೆಪ್ನಿ?" ಎಂದೆ. ಸ್ಟೆಪ್ನಿ ಎಂಬ ಮಾತು ಅಮೆರಿಕದಲ್ಲಿ ಅರ್ಥವಾಗುವುದಿಲ್ಲ, ಮಗಳು ಬಿಡಿಸಿ ಹೇಳಿದಳು. ಟ್ರೈಲರಿನ ಮೂಕಿಗೆ ಕಟ್ಟಿದ್ದ ಸ್ಟೆಪ್ನಿ ಒಮ್ಮೆಯೂ ನೆಲ ಮುಟ್ಟಿರಲಿಲ್ಲ, ಥಳಥಳ ಹೊಳೆಯುತ್ತಿತ್ತು. ಅದರ ಮೇಲಿನ ಅಂಕೆ ನೋಡಿದರೆ ಅದೂ 3514! ಮೂರನೆಯದನ್ನೂ ಕೊಂಡೆವು. ಮೂರಕ್ಕೂ ಸೇರಿ ನಾನೂರು ಡಾಲರಿಗೆ ಸ್ವಲ್ಪ ಕಡಿಮೆ. ಮನಸ್ಸು ರೂಪಾಯಿಗೆ ಗುಣಿಸಿ ಒಮ್ಮೆ ಹೌಹಾರಿತು, ಆಮೇಲೆ ಹಿಂದಿನ ಸೀಟನ್ನು ನೆನೆದು ಸುಮ್ಮನಾಯಿತು.

ಇಲ್ಲಿಗೆ ಕತೆ ಮುಗಿಯಲಿಲ್ಲ. ಮನೆ ಖಾಲಿ ಮಾಡಿದವರಿಗೆಲ್ಲ ಗೊತ್ತು, ಲಾರಿ ಹೋದ ಮೇಲೂ ಸಾಮಾನು ಉಳಿದೇ ಇರುತ್ತದೆ. ಗ್ರೈಂಡರು, ಎರಡು ಮೂಟೆ ಅಕ್ಕಿ, ಕುಕ್ಕರುಗಳು, ಆರು ಪೆಟ್ಟಿಗೆ ಪುಸ್ತಕ, ಅಳಿಯಂದಿರ ವ್ಯಾಯಾಮದ ಕಬ್ಬಿಣ, ಎಲ್ಲವೂ ಒಂದೊಂದಾಗಿ ದೋಣಿಯೊಳಗೆ ಸೇರಿದವು. "ಹೇಗೂ ಡಿ ದರ್ಜೆ ಟೈರಿದೆಯಲ್ಲ" ಎಂದು ನಾನೂ ಉಪ್ಪಿನಕಾಯಿ ಜಾಡಿ ಇಟ್ಟೆ. ಹೊರಡುವ ಹಿಂದಿನ ದಿನ ಅಳಿಯಂದಿರು ಗಾಡಿಯನ್ನು ಹೆದ್ದಾರಿಯ ಪಕ್ಕದ ಟ್ರಕ್ ನಿಲ್ದಾಣಕ್ಕೆ ಎಳೆದುಕೊಂಡು ಹೋಗಿ ತೂಗಿಸಿದರು. 3,180 ಪೌಂಡ್! ಟ್ರೈಲರಿನ ಚೌಕಟ್ಟಿಗೆ ಬಡಿದ ತಗಡಿನ ಮೇಲೆ, ಎಲ್ಲ ಸೇರಿ 2,800 ಪೌಂಡ್ ಮೀರಬಾರದು ಎಂದು ಬರೆದಿತ್ತು. ಎರಡು ಟೈರು ಸೇರಿ ನಾಲ್ಕು ಸಾವಿರ ಹೊರಬಲ್ಲವು ನಿಜ. ಆದರೆ ಅಚ್ಚು, ಸ್ಪ್ರಿಂಗು, ಚೌಕಟ್ಟು ಹೊರಬೇಕಲ್ಲ! ಟೈರು ದೊಡ್ಡದಾದ ಮಾತ್ರಕ್ಕೆ ಗಾಡಿ ದೊಡ್ಡದಾಗುವುದಿಲ್ಲ. ಆ ಸಂಜೆ ಗ್ರೈಂಡರು ಮತ್ತೊಂದು ಕನ್ನಡದ ಮನೆಗೆ ಹೋಯಿತು, ಪುಸ್ತಕಗಳು ಪುಸ್ತಕಗಳಿಗೆಂದೇ ಇರುವ ಕಡಿಮೆ ದರದ ಅಂಚೆಯಲ್ಲಿ ಹೋದವು, ಕಬ್ಬಿಣವನ್ನು ಯಾರೋ ಬಿಟ್ಟಿಯಾಗಿ ಒಯ್ದರು. ಮತ್ತೆ ತೂಗಿಸಿದಾಗ 2,640. ಉಪ್ಪಿನಕಾಯಿ ಜಾಡಿ ನನ್ನ ಕಾಲ ಬಳಿಗೆ ಬಂತು.

ಮೂರು ದಿನದ ಪ್ರಯಾಣ. ಮೊದಲ ರಾತ್ರಿ ಕನ್ಸಾಸ್ ಸಿಟಿ, ಎರಡನೆಯ ರಾತ್ರಿ ಒಕ್ಲಹಾಮಾ ಸಿಟಿ. ಬೆಳಿಗ್ಗೆ ಬಿಸಿಲೇರುವ ಮುಂಚೆ, ಟೈರು ತಣ್ಣಗಿರುವಾಗಲೇ ಗಾಳಿ ನೋಡಬೇಕು. ಅಳಿಯಂದಿರು ನೋಡುವರು, ನಾನು ಪುಸ್ತಕದಲ್ಲಿ ಬರೆದುಕೊಳ್ಳುವೆ. ಓಡಿ ಬಿಸಿಯಾದ ಮೇಲೆ ಗಾಳಿಯ ಒತ್ತಡ ತಾನಾಗಿ ಏರುತ್ತದೆ, ಹೆಚ್ಚಾಯಿತೆಂದು ಆಗ ಬಿಡಬಾರದು. ಗಾಳಿ ಹೆಚ್ಚಾಗಿ ಸಿಡಿಯುವ ಟೈರಿಗಿಂತ ಗಾಳಿ ಕಡಿಮೆಯಾಗಿ, ಪಕ್ಕೆ ಬಾಗಿ ಬಾಗಿ ಕಾದು ಒಡೆಯುವ ಟೈರೇ ಹೆಚ್ಚು. ಹೊಸದಾಗಿ ಹಾಕಿದ ಚಕ್ರದ ನಟ್ಟುಗಳನ್ನು ಮೊದಲ ಐವತ್ತು ಮೈಲಿಗೆ ಒಮ್ಮೆ ಬಿಗಿ ನೋಡಬೇಕು. ನಿಂತಲ್ಲೆಲ್ಲ ಚಕ್ರದ ನಡುವಿನ ಗುಂಬವನ್ನು ಕೈಯಿಂದ ಮುಟ್ಟಿ ನೋಡಬೇಕು, ಏಕೆಂದರೆ ನೀರಿಗಿಳಿಯುವ ಗಾಡಿಯ ಬೇರಿಂಗಿಗೆ ನೀರು ನುಗ್ಗಿ ಗ್ರೀಸು ಕೆಡುವುದುಂಟು, ಕೆಟ್ಟರೆ ಸುಡುತ್ತದೆ. ಆ ಕೆಲಸ ನನ್ನದಾಯಿತು. ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಅಂಗೈ ಹಿಂಭಾಗದಿಂದ ನೋಡುತ್ತಿದ್ದೆ. ಎರಡು ಕಡೆಯೂ ಒಂದೇ ಸಮ ಬೆಚ್ಚಗಿದ್ದರೆ ಸರಿ. "ಅಜ್ಜಿ, ದೋಣಿಗೆ ಜ್ವರಾನಾ?" ಎಂದು ಮೊಮ್ಮಗ ಪ್ರತಿ ಸಲವೂ ಕೇಳುತ್ತಿದ್ದ.

ಟೆಕ್ಸಸ್ಸಿಗೆ ಬರುವ ಹೊತ್ತಿಗೆ ಬಿಸಿಲು ಬಳ್ಳಾರಿಯನ್ನು ನೆನಪಿಸಿತು. ರಸ್ತೆಯಂಚಿನಲ್ಲಿ ಹರಿದ ಟೈರಿನ ತುಂಡುಗಳು ಕಪ್ಪಗೆ ಬಿದ್ದಿರುತ್ತಿದ್ದವು. ಅಮೆರಿಕದವರು ಅವನ್ನು ರಸ್ತೆಯ ಮೊಸಳೆ ಎನ್ನುತ್ತಾರಂತೆ. ಡಲ್ಲಾಸ್ ದಾಟಿದ ಮೇಲೆ ಒಂದು ಕಡೆ, ನಮ್ಮದರಂಥದ್ದೇ ದೋಣಿ ಗಾಡಿಯೊಂದು ಒಂದು ಪಕ್ಕಕ್ಕೆ ವಾಲಿ ನಿಂತಿತ್ತು. ಟೈರು ಚಿಂದಿಯಾಗಿ ಚಕ್ರದ ಮೇಲಿನ ಮಡ್‌ಗಾರ್ಡು ಕಿತ್ತುಹೋಗಿತ್ತು. ಗಂಡಸೊಬ್ಬ ಫೋನು ಹಿಡಿದು ನಿಂತಿದ್ದ. ಹೆಂಡತಿ ಎರಡು ಮಕ್ಕಳನ್ನು ಹುಲ್ಲಿನ ಮೇಲೆ ದೂರ ಕೂರಿಸಿಕೊಂಡಿದ್ದಳು. ಅಳಿಯಂದಿರು ಮುಂದೆ ಹೋಗಿ ಗಾಡಿ ನಿಲ್ಲಿಸಿ, ನಡೆದು ಹಿಂದಕ್ಕೆ ಹೋಗಿ ವಿಚಾರಿಸಿದರು. ನಮ್ಮ ಸ್ಟೆಪ್ನಿ ಅವರ ಅಳತೆಗೆ ಹೊಂದಲಿಲ್ಲ. ಅವರ ಬಳಿ ಸ್ಟೆಪ್ನಿ ಇರಲೇ ಇಲ್ಲ. ಸಹಾಯದ ವಾಹನ ಬರುತ್ತಿದೆ ಎಂದರಂತೆ. ಮಕ್ಕಳಿಗೆ ನೀರು, ಚಕ್ಕುಲಿ ಕೊಟ್ಟು ಬಂದೆವು. ಕಾರು ಹೊರಟ ಮೇಲೆ ಬಹಳ ಹೊತ್ತು ಅಳಿಯಂದಿರು ಮಾತಾಡಲಿಲ್ಲ. ಆಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿ, "ಅತ್ತೆ, ನೀವು ಹೇಳಿದ್ದು ಒಳ್ಳೇದಾಯ್ತು" ಎಂದರು. ಆ ಸಂಜೆ ನಮ್ಮ ದೋಣಿ ಆಸ್ಟಿನ್ನಿನ ಮನೆಯ ಮುಂದೆ ಸುಖವಾಗಿ ನಿಂತಿತು.

ಊರಿಗೆ ಬಂದ ಮೇಲೆ ಒಂದು ಭಾನುವಾರ ಆ ಹುಡುಗಿಯ ಮನೆಗೆ ಹೋದೆ. ಹುಡುಗಿ ಎಂದರೆ ಈಗ ನಲವತ್ತು ದಾಟಿದ ಗೃಹಿಣಿ, ನಮ್ಮ ಪಕ್ಕದ ಬಡಾವಣೆಯಲ್ಲೇ ಇದ್ದಾಳೆ. ಅಮೆರಿಕದ ಚಾಕೊಲೇಟು ಕೊಟ್ಟೆ, ಕಾಫಿ ಕುಡಿದೆ. ಲೋಟ ಕೆಳಗಿಡುವಾಗ ಅವಳ ಬಲಗೈ ಅರ್ಧಕ್ಕೇ ನಿಂತು, ಮೈಯೇ ಮುಂದಕ್ಕೆ ಬಾಗುವುದನ್ನು ಕಂಡೆ. ಇಪ್ಪತ್ತೊಂಬತ್ತು ವರ್ಷದ ಹಿಂದಿನ ಆ ಬೆಳಗಿನ ಟಾರ್ಚಿನ ಸಂಗತಿ ಹೇಳಿದೆ. ಅವಳು ಸ್ವಲ್ಪ ಹೊತ್ತು ನೆಲ ನೋಡುತ್ತ ಕೂತಳು. "ನೀವು ಹೇಳಿದ್ರೂ ಅವತ್ತು ಯಾರೂ ಕೇಳ್ತಿರ್ಲಿಲ್ಲ ಬಿಡಿ ಮಿಸ್" ಎಂದಳು. "ಕೇಳ್ತಿದ್ದರೋ ಇಲ್ವೋ, ನಾನು ಹೇಳಬೇಕಿತ್ತಮ್ಮ" ಎಂದೆ. ಅವಳು ಅಲ್ಲವೆನ್ನಲಿಲ್ಲ. ಇನ್ನೊಂದು ಲೋಟ ಕಾಫಿ ತಂದಳು.

ಈಗ ನಮ್ಮ ಶಾಲೆಯಿಂದ ಪ್ರವಾಸ ಹೊರಟರೆ, ಮಕ್ಕಳನ್ನು ಹತ್ತಿಸುವ ಮೊದಲು ನಾನು ಪುಸ್ತಕ ಹಿಡಿದು ಬಸ್ಸಿನ ಸುತ್ತ ಬರುತ್ತೇನೆ. ಚಾಲಕರು ಮೊದಮೊದಲು ನಗುತ್ತಿದ್ದರು, ಈಗ ತಾವೇ ಟಾರ್ಚು ಹಿಡಿಯುತ್ತಾರೆ. ಆ ನಾಲ್ಕು ಅಂಕೆ ನಮ್ಮ ದೇಶದ ಟೈರುಗಳ ಮೇಲೂ ಇರುತ್ತದೆ, ಒಂದು ಪಕ್ಕೆಯಲ್ಲಿ ಕಾಣದಿದ್ದರೆ ಇನ್ನೊಂದು ಪಕ್ಕೆಯಲ್ಲಿ ಹುಡುಕಬೇಕು. ನಮ್ಮವರ ಸ್ಕೂಟರಿನ ಹಿಂದಿನ ಟೈರು 2212 ಎಂದಿತ್ತು. "ತಿಂಗಳಿಗೆರಡು ಸಲ ಮಾರ್ಕೆಟ್ಟಿಗೆ ಹೋಗೋದು, ಬಟನ್ ನೋಡು ಹೊಸದಿದ್ದ ಹಾಗಿದೆ" ಎಂದರು ನಮ್ಮವರು. ನಾನು ಮಾತಾಡದೆ ಹೆಬ್ಬೆರಳಿನಿಂದ ಅದರ ಪಕ್ಕೆಯನ್ನು ಅದುಮಿ ತೋರಿಸಿದೆ. ಮಾರನೆಯ ದಿನ ಅವರೇ ಹೋಗಿ ಹೊಸದು ಹಾಕಿಸಿಕೊಂಡು ಬಂದರು.